ಸಮುದ್ರ ಮೀನಿನ ಬಿಳಿ ಚುಕ್ಕಿಗೆ ನೀರಿನ ಉಪ್ಪು ಇಳಿಸಿದರೆ ಸಾಕಾ?

ಕ್ಲೌನ್‌ಫಿಶ್ ಮೈಮೇಲೆ ರವೆ ಉದುರಿಸಿದಂತೆ ಚುಕ್ಕಿ ಬಂದಿದೆ, ಹವಳ ಇರುವ ಟ್ಯಾಂಕಿನಲ್ಲೇ ಉಪ್ಪು ಕಮ್ಮಿ ಮಾಡಬಹುದಾ ಅಂತ ಕೇಳಿದ್ದೀರಿ. ಆ ಟ್ಯಾಂಕಿನಲ್ಲಿ ಮಾತ್ರ ಬೇಡ. ಹವಳ, ಸೀಗಡಿ, ಬಸವನಹುಳು ಎಲ್ಲ ಸಾಯುತ್ತವೆ. ಮೀನುಗಳನ್ನಷ್ಟೇ ಬೇರೆ ಟ್ಯಾಂಕಿಗೆ ಹಾಕಿ. ಮರಳು, ಕಲ್ಲು ಬೇಡ. ಫಿಲ್ಟರ್, ಹೀಟರ್, ಅಡಗಲು ಎರಡು ಪಿವಿಸಿ ಪೈಪ್ ತುಂಡು ಸಾಕು.

ಉಪ್ಪು ಇಳಿಸುವುದು ಕೆಲಸ ಮಾಡುವುದು ಹೀಗೆ. ಸಮುದ್ರ ಮೀನಿನ ರಕ್ತದಲ್ಲಿ ಉಪ್ಪು ಇರುವುದು ಸಮುದ್ರದ ನೀರಿನ ಸುಮಾರು ಮೂರನೇ ಒಂದು ಭಾಗ. ಹಾಗಾಗಿ ನೀರನ್ನು ಆ ಮಟ್ಟಕ್ಕೆ ಇಳಿಸಿದರೂ ಮೀನು ತಡೆದುಕೊಳ್ಳುತ್ತದೆ. ಈ ಚುಕ್ಕಿ ತರುವ ಪರಾವಲಂಬಿ ಜೀವಿಗೆ ಅದು ಆಗುವುದಿಲ್ಲ. ಮೀನಿನ ಚರ್ಮದ ಒಳಗೆ ಕೂತಿರುವಾಗ ಅದು ಸಾಯುವುದಿಲ್ಲ. ಮೂರರಿಂದ ಏಳು ದಿನದಲ್ಲಿ ಉದುರಿ, ಕೆಳಗೆ ಗೂಡು ಕಟ್ಟುತ್ತದಲ್ವಾ, ಆಗ ಒಳಗೆ ನೀರು ನುಗ್ಗಿ ಒಡೆದುಹೋಗುತ್ತದೆ. ಮೊದಲ ದಿನವೇ ಚುಕ್ಕಿ ಹೋಗಲಿಲ್ಲ ಅಂತ ಗಾಬರಿ ಬೇಡ.

ಸ್ಪೆಸಿಫಿಕ್ ಗ್ರಾವಿಟಿ (ಸಿಹಿನೀರಿಗಿಂತ ಉಪ್ಪುನೀರು ಎಷ್ಟು ಭಾರ ಅನ್ನುವ ಅಳತೆ) 1.025ರಿಂದ 1.009ಕ್ಕೆ ಬರಬೇಕು. ನಾನು 80 ಲೀಟರ್ ಟ್ಯಾಂಕಿನಲ್ಲಿ ಒಂದು ಸಲಕ್ಕೆ 20 ಲೀಟರ್ ತೆಗೆದು, ಅಷ್ಟೇ ಬಿಸಿಯ ಆರ್‌ಒ ನೀರು (ಶುದ್ಧೀಕರಿಸಿ ಉಪ್ಪು ತೆಗೆದ ನೀರು) ಹಾಕಿದೆ. ಸಾವಿರ ಪಾಲಿಗೆ 35 ಇದ್ದ ಉಪ್ಪು 26, 20, 15 ಅಂತ ಇಳಿಯಿತು. ಕೊನೆಗೆ ಇನ್ನೂ ಸ್ವಲ್ಪ ಬದಲಿಸಿದೆ. ಒಟ್ಟು ಎರಡು ದಿನ ಹಿಡಿಯಿತು.

ನಾನು ಎಡವಿದ್ದು ಅಳತೆಯಲ್ಲಿ. ಮೊದಲ ಸಲ ಉಪ್ಪು ಅಳೆಯುವ ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬಿದ್ದೆ, ಅದೇ ಮುಳ್ಳು ಅಲ್ಲಾಡುವಂಥದ್ದು. ಅದು 1.009 ತೋರಿಸುತ್ತಿತ್ತು. ಮೂರು ವಾರ ಆದಮೇಲೂ ಚುಕ್ಕಿ ಮತ್ತೆ ಬಂತು. ಗೆಳೆಯನ ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದರಿಂದ ಉಪ್ಪು ಅಳೆಯುವ ಸಾಧನ) ತಂದು ನೋಡಿದರೆ 1.013! ಮುಳ್ಳಿಗೆ ಉಪ್ಪು ಹರಳುಗಟ್ಟಿ ಭಾರವಾಗಿ, ಅದು ಕಮ್ಮಿ ತೋರಿಸುತ್ತಿತ್ತು. ಮೂರು ವಾರ ಸುಮ್ನೆ ಹೋಯಿತು. ರಿಫ್ರಾಕ್ಟೋಮೀಟರ್ ಕೊಳ್ಳಿ, ಆರ್‌ಒ ನೀರಿನಲ್ಲಿ ಸೊನ್ನೆ ತೋರಿಸುತ್ತದಾ ನೋಡಿಕೊಳ್ಳಿ. ಆವಿಯಾದ ನೀರಿನಿಂದಲೂ ಉಪ್ಪು ಏರುತ್ತದೆ. ಗಾಜಿಗೆ ಮಾರ್ಕರ್‌ನಲ್ಲಿ ಗೆರೆ ಎಳೆದು, ದಿನಾ ಬೆಳಗ್ಗೆ ಗೆರೆವರೆಗೆ ಸಿಹಿನೀರು ತುಂಬಿ.

ಉಪ್ಪು ಕಮ್ಮಿಯಾದಾಗ ಪಿಹೆಚ್ ಕೂಡ ಜಾರುತ್ತದೆ. ಅಡುಗೆ ಸೋಡಾ ಚೂರು ಚೂರಾಗಿ ಕರಗಿಸಿ ಹಾಕಿದೆ, ಸರಿಹೋಯಿತು. ಅಮೋನಿಯಾ ದಿನಾ ನೋಡಿ. ತಾಮ್ರದ ಔಷಧಿ ಜೊತೆಗೆ ಸೇರಿಸಬೇಡಿ.

ಕೊನೆಯ ಚುಕ್ಕಿ ಹೋದಮೇಲೆ ಕನಿಷ್ಠ ನಾಲ್ಕು ವಾರ ಹಾಗೇ ಇಡಿ. ಆಮೇಲೆ ಒಂದು ವಾರದ ಮೇಲೆಯೇ ಸಮಯ ತಗೊಂಡು ಉಪ್ಪು ಏರಿಸಿ. ಇಳಿಸುವುದಕ್ಕಿಂತ ಏರಿಸುವುದು ಮೀನಿಗೆ ಕಷ್ಟ. ಅಷ್ಟರಲ್ಲಿ ಹವಳದ ಟ್ಯಾಂಕ್ ಮೀನಿಲ್ಲದೆ ಖಾಲಿ ಇರಲಿ. 76 ದಿನ ಅಂತ ನಮ್ಮಂಥವರು ಲೆಕ್ಕ ಇಟ್ಟುಕೊಂಡಿದ್ದೇವೆ, ಏಕೆಂದರೆ ಕೆಲವು ಗೂಡಿನಿಂದ ಎರಡು ತಿಂಗಳು ದಾಟಿದ ಮೇಲೂ ಮರಿ ಪರಾವಲಂಬಿಗಳು ಹೊರಬರುತ್ತವೆ.

ಒಂದು ಮಾತು. ಚುಕ್ಕಿ ರವೆಯಂತಿರದೆ ಅರಿಶಿನ ಪುಡಿ ಸವರಿದಂತೆ ನಯವಾಗಿದ್ದು, ಮೀನು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ಎಂಬ ಬೇರೆ ರೋಗ. ಅದಕ್ಕೆ ಉಪ್ಪು ಇಳಿಸಿ ಪ್ರಯೋಜನವಿಲ್ಲ, ತಾಮ್ರದಂಥ ಔಷಧಿ ಬೇಕು, ಅದೂ ಇವತ್ತೇ. ಟಾರ್ಚ್ ಓರೆಯಾಗಿ ಹಿಡಿದು ನೋಡಿ ಹೇಳಿ, ಎರಡರಲ್ಲಿ ಯಾವುದು?