ಟ್ಯಾಬು ನಲವತ್ತು, ರ‍್ಯಾಮು ಎಂಟು: ಕಂಪ್ಯೂಟರ್ ಪ್ರಶ್ನೋತ್ತರ

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದೆ. ಕ್ರೋಮ್‌ನಲ್ಲಿ ಯಾವಾಗಲೂ ಮೂವತ್ತು-ನಲವತ್ತು ಟ್ಯಾಬ್ ತೆರೆದಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ನಿಧಾನ. ಟಾಸ್ಕ್ ಮ್ಯಾನೇಜರ್ ತೆರೆದರೆ ಕ್ರೋಮ್ ಎಂಬ ಹೆಸರೇ ಸಾಲುಸಾಲಾಗಿ ಕಾಣುತ್ತದೆ. ಇದು ವೈರಸ್ಸೇ? ರ‍್ಯಾಮ್ ಕ್ಲೀನರ್ ಹಾಕಿಕೊಳ್ಳಲೇ?

ಉತ್ತರ: ವೈರಸ್ ಅಲ್ಲ, ಕ್ಲೀನರ್ ಬೇಡ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ಬೇರೆ ಬೇರೆ ತಾಣಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ, ಅಂದರೆ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮ್ ತುಣುಕುಗಳಲ್ಲಿ, ನಡೆಸುತ್ತವೆ. ಎಕ್ಸ್‌ಟೆನ್ಷನ್‌ಗಳಿಗೆ (ಬ್ರೌಸರಿಗೆ ಸೇರಿಸಿಕೊಳ್ಳುವ ಚಿಕ್ಕ ಸಲಕರಣೆಗಳಿಗೆ) ಬೇರೆ, ಗ್ರಾಫಿಕ್ಸ್ ಕೆಲಸಕ್ಕೆ ಇನ್ನೊಂದು. ಒಂದು ಪುಟ ಕೆಟ್ಟು ನಿಂತರೆ ಉಳಿದವು ಬೀಳಬಾರದು, ಒಂದು ತಾಣ ಇನ್ನೊಂದರ ಮಾಹಿತಿಗೆ ಕೈ ಹಾಕಬಾರದು ಎಂಬುದೇ ಉದ್ದೇಶ. ಈ ಭದ್ರತೆಗೆ ತೆರುವ ಬೆಲೆ ರ‍್ಯಾಮ್.

ಯಾರು ಎಷ್ಟು ತಿನ್ನುತ್ತಿದ್ದಾರೆ ಎಂಬುದನ್ನು ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಹುಡುಕುವುದು ಕಷ್ಟ. ಕ್ರೋಮ್ ಅಥವಾ ಎಡ್ಜ್ ತೆರೆದಿರುವಾಗಲೇ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಬ್ರೌಸರಿನದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಪ್ರತಿ ಟ್ಯಾಬಿನ ಹೆಸರು ಸಮೇತ. ಫೈರ್‌ಫಾಕ್ಸಿನಲ್ಲಾದರೆ ಮೆನುವಿನ ‘ಮೋರ್ ಟೂಲ್ಸ್’ ಒಳಗಿದೆ. ಮೆಮೊರಿ ಕಾಲಮ್ಮಿನ ತಲೆಬರಹ ಒತ್ತಿದರೆ ದೊಡ್ಡ ತಿಂಡಿಪೋತರು ಮೇಲೆ ಬರುತ್ತಾರೆ. ನಲವತ್ತರಲ್ಲಿ ಮೂವತ್ತು ಟ್ಯಾಬುಗಳು ಬಡಪಾಯಿಗಳು, ನಿಜವಾದ ಭಾರವೆಲ್ಲ ಮೇಲ್, ಆನ್‌ಲೈನ್ ಸ್ಪ್ರೆಡ್‌ಶೀಟ್, ತನ್ನಷ್ಟಕ್ಕೆ ಹೊಸದಾಗುತ್ತಲೇ ಇರುವ ಸುದ್ದಿಪುಟಗಳಂಥ ಏಳೆಂಟರದು ಎಂಬುದು ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ. ಆ ಪಟ್ಟಿಯಲ್ಲಿ ಎಕ್ಸ್‌ಟೆನ್ಷನ್‌ಗಳನ್ನೂ ನೋಡಿ. ಜಾಹೀರಾತು ತಡೆಯಲು ಎರಡೆರಡು ಹಾಕಿಕೊಂಡವರು ಬೇಕಾದಷ್ಟು ಜನ. ಎರಡೂ ಪ್ರತಿ ಪುಟವನ್ನು ಜಾಲಾಡುತ್ತವೆ, ಫಲ ಮಾತ್ರ ಒಂದರಷ್ಟೇ. ಒಂದನ್ನು ತೆಗೆಯಿರಿ.

ರ‍್ಯಾಮ್ ತುಂಬಿದ್ದೇ ತಪ್ಪಲ್ಲ, ಖಾಲಿ ಬಿದ್ದ ರ‍್ಯಾಮಿನಿಂದ ಯಾರಿಗೂ ಲಾಭವಿಲ್ಲ. ಅದು ಸಾಲದೆ ಬಂದಾಗ ವಿಂಡೋಸ್ ಮೆಮೊರಿಯ ಒಂದಷ್ಟು ಭಾಗವನ್ನು ಡಿಸ್ಕಿನ ಪೇಜ್‌ಫೈಲಿಗೆ ಬರೆದಿಡುತ್ತದೆ. ತೊಂದರೆ ಶುರುವಾಗುವುದು ಅಲ್ಲಿ. ಎಸ್‌ಎಸ್‌ಡಿ ಇದ್ದರೆ ಸಣ್ಣ ತಡೆ, ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮೌಸ್ ಪಾಯಿಂಟರೂ ಎಡವುತ್ತದೆ. ಕ್ಲೀನರ್‌ಗಳು ಮಾಡುವುದೂ ಇಷ್ಟೇ: ಓಡುತ್ತಿರುವ ಪ್ರೋಗ್ರಾಮುಗಳ ಮೆಮೊರಿಯನ್ನು ಬಲವಂತವಾಗಿ ಹೊರದಬ್ಬುತ್ತವೆ. ಪರದೆಯ ಮೇಲೆ ‘2 ಜಿಬಿ ಉಳಿತಾಯ’ ಎಂದು ಬರುತ್ತದೆ. ನೀವು ಆ ಪ್ರೋಗ್ರಾಮಿಗೆ ಮರಳಿದ ಕೂಡಲೇ ಎಲ್ಲವನ್ನೂ ಮತ್ತೆ ಓದಿಕೊಳ್ಳಬೇಕು.

ಮಾಡಬೇಕಾದ್ದು ಬೇರೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪರ್ಫಾರ್ಮೆನ್ಸ್, ಮೆಮೊರಿ ಸೇವರ್ ಆನ್ ಮಾಡಿ. ಎಡ್ಜ್‌ನಲ್ಲಿ ಇದಕ್ಕೆ ಸ್ಲೀಪಿಂಗ್ ಟ್ಯಾಬ್ಸ್ ಎಂದು ಹೆಸರು. ಬಹಳ ಹೊತ್ತು ಮುಟ್ಟದ ಟ್ಯಾಬ್ ಮೆಮೊರಿ ಬಿಟ್ಟುಕೊಡುತ್ತದೆ, ಒತ್ತಿದಾಗ ಮತ್ತೆ ಲೋಡ್ ಆಗುತ್ತದೆ. ಹಾಗೆ ಮಲಗಬಾರದ ತಾಣಗಳಿದ್ದರೆ ಅಲ್ಲೇ ಕೆಳಗಿರುವ ‘ಸದಾ ಎಚ್ಚರವಿರಲಿ’ ಎಂಬರ್ಥದ ಪಟ್ಟಿಗೆ ಸೇರಿಸಿ. ಇನ್ನು, ನಲವತ್ತು ಟ್ಯಾಬ್ ಇಟ್ಟುಕೊಳ್ಳುವವರಲ್ಲಿ ಹೆಚ್ಚಿನವರು ಓದುತ್ತಿರುವುದಿಲ್ಲ, ಮರೆಯಬಾರದೆಂದು ಇಟ್ಟಿರುತ್ತಾರೆ. ಅದಕ್ಕೆ ಕಂಟ್ರೋಲ್-ಶಿಫ್ಟ್-ಡಿ ಇದೆ: ಆ ವಿಂಡೋದ ಎಲ್ಲ ಟ್ಯಾಬುಗಳೂ ಒಂದೇ ಬುಕ್‌ಮಾರ್ಕ್ ಫೋಲ್ಡರಿಗೆ ಹೋಗುತ್ತವೆ. ಫೋಲ್ಡರಿಗೆ ತಾರೀಕಿನ ಹೆಸರಿಟ್ಟು ವಿಂಡೋ ಮುಚ್ಚಿಬಿಡಿ. ಅವಸರದಲ್ಲಿ ಬೇಕಾದ್ದನ್ನೇ ಮುಚ್ಚಿದರೆ ಕಂಟ್ರೋಲ್-ಶಿಫ್ಟ್-ಟಿ ವಾಪಸ್ ತರುತ್ತದೆ, ಒತ್ತುತ್ತಾ ಹೋದಂತೆ ಒಂದೊಂದೇ.

ಪ್ರಶ್ನೆ: ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಸಿಕ್ಕಿವೆ’ ಎಂಬ ಎಚ್ಚರಿಕೆ ಗಂಟೆಗೊಮ್ಮೆ ಬರುತ್ತದೆ. ಆಂಟಿವೈರಸ್ ಪೂರ್ತಿ ಸ್ಕ್ಯಾನ್ ಮಾಡಿದರೂ ಏನೂ ಸಿಗುತ್ತಿಲ್ಲ.

ಉತ್ತರ: ಸಿಗುವುದಿಲ್ಲ, ಏಕೆಂದರೆ ಒಳಗೆ ಏನೂ ಬಂದಿಲ್ಲ. ಆ ಎಚ್ಚರಿಕೆಯ ಚೌಕದಲ್ಲಿ ಸಣ್ಣ ಅಕ್ಷರಗಳನ್ನು ಓದಿ, ಬ್ರೌಸರಿನ ಹೆಸರೂ ಯಾವುದೋ ಅಪರಿಚಿತ ತಾಣದ ವಿಳಾಸವೂ ಇರುತ್ತದೆ. ಎಂದೋ ಒಂದು ಪುಟ ‘ನೀವು ರೋಬಾಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಎಂದಿದೆ, ಯಾರೋ ಒತ್ತಿದ್ದಾರೆ. ಅದು ನೋಟಿಫಿಕೇಷನ್ ಕಳಿಸಲು ಕೊಟ್ಟ ಅನುಮತಿ. ಆ ಪುಟವನ್ನು ಮುಚ್ಚಿದರೂ ಅನುಮತಿ ಹಾಗೆಯೇ ಉಳಿದಿರುತ್ತದೆ.

ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಎಂಬಲ್ಲಿಗೆ ಹೋಗಿ. ಅನುಮತಿ ಪಡೆದ ತಾಣಗಳ ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಮೇಲ್, ಕ್ಯಾಲೆಂಡರ್ ಬಿಟ್ಟರೆ ಬ್ರೌಸರಿನಿಂದ ನೋಟಿಫಿಕೇಷನ್ ಬೇಕಾದ ತಾಣಗಳು ವಿರಳ. ಹಾಗಾಗಿ ಅದೇ ಪುಟದಲ್ಲಿ ಯಾವ ತಾಣವೂ ಅನುಮತಿ ಕೇಳದಂತೆ ಮಾಡುವುದು ಒಳ್ಳೆಯದು. ಎಚ್ಚರಿಕೆಯೊಳಗಿನ ‘ಸ್ಕ್ಯಾನ್ ನೌ’ ಗುಂಡಿಯನ್ನು ಮಾತ್ರ ಒತ್ತಬೇಡಿ, ನಿಜವಾದ ಕೇಡು ಒಳಗೆ ಬರುವುದೇ ಆ ದಾರಿಯಲ್ಲಿ. ಪಟ್ಟಿ ಖಾಲಿಯಾದ ಮೇಲೂ ಬಂದರೆ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿ.

ಪ್ರಶ್ನೆ: ಬ್ರೌಸರಿನ ಇನ್‌ಕಾಗ್ನಿಟೊ (ಖಾಸಗಿ) ವಿಂಡೋದಲ್ಲಿ ನೋಡಿದ್ದು ಕಚೇರಿಯವರಿಗೆ ಗೊತ್ತಾಗುತ್ತದೆಯೇ?

ಉತ್ತರ: ಗೊತ್ತಾಗಬಹುದು. ಹಿಸ್ಟರಿ ಮತ್ತು ಕುಕಿಗಳು (ನಿಮ್ಮನ್ನು ಗುರುತಿಸಲು ತಾಣಗಳು ಬ್ರೌಸರಿನಲ್ಲಿ ಇಡುವ ಚಿಕ್ಕ ಗುರುತುಗಳು) ಆ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ, ಅಷ್ಟೇ. ಯಾವ ತಾಣಕ್ಕೆ ಹೋದಿರಿ ಎಂಬುದು ನೆಟ್‌ವರ್ಕ್ ನಡೆಸುವವರಿಗೆ ಕಾಣುತ್ತದೆ. ಇಳಿಸಿಕೊಂಡ ಫೈಲುಗಳೂ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿಯುತ್ತವೆ. ಅದನ್ನು ಮರೆಯುವವರೇ ಹೆಚ್ಚು.

ಪ್ರಶ್ನೆ: ಪ್ರತಿ ರಾತ್ರಿ ತಪ್ಪದೆ ಶಟ್‌ಡೌನ್ ಮಾಡುತ್ತೇನೆ. ಆದರೂ ಟಾಸ್ಕ್ ಮ್ಯಾನೇಜರಿನಲ್ಲಿ ‘ಅಪ್ ಟೈಮ್’ 12 ದಿನ ಎಂದಿದೆ. ಪ್ರಿಂಟರ್ ಆಗಾಗ ಮಾಯವಾಗುತ್ತದೆ.

ಉತ್ತರ: ಎರಡಕ್ಕೂ ಕಾರಣ ಒಂದೇ ಇರಬಹುದು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಬಂದಿದೆ. ಶಟ್‌ಡೌನ್ ಕೊಟ್ಟಾಗ ನಿಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ, ಆದರೆ ವಿಂಡೋಸಿನ ತಿರುಳು ಮತ್ತು ಡ್ರೈವರುಗಳು (ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಸಾಫ್ಟ್‌ವೇರ್) ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಇಳಿದು ಬೆಳಿಗ್ಗೆ ಹಾಗೇ ಎದ್ದು ಬರುತ್ತವೆ. ಕೆಟ್ಟು ನಿಂತ ಡ್ರೈವರ್ ಕೆಟ್ಟೇ ಎದ್ದುಬರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಮೊದಲಿನಿಂದ. ‘ಆಫ್ ಮಾಡಿ ಆನ್ ಮಾಡಿದೆ, ಸರಿಹೋಗಲಿಲ್ಲ’ ಎನ್ನುವ ಎಷ್ಟೋ ದೂರುಗಳ ಗುಟ್ಟು ಇದು. ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿ. ಪೂರ್ತಿ ಶಟ್‌ಡೌನೇ ಬೇಕಿದ್ದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಎಸ್‌ಎಸ್‌ಡಿ ಇರುವವರಿಗೆ ಫಾಸ್ಟ್ ಸ್ಟಾರ್ಟಪ್‌ನಿಂದ ಉಳಿಯುವುದು ಕೆಲವೇ ಸೆಕೆಂಡು. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ತೆಗೆದುಹಾಕಿದರೂ ನಷ್ಟವಿಲ್ಲ.

ಪ್ರಶ್ನೆ: ಗೇಮಿನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) 90 ತೋರಿಸುತ್ತದೆ, ಆದರೂ ಆಟ ಜರ್ಕ್ ಹೊಡೆಯುತ್ತದೆ. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ಹಾಕಿದರೂ ವ್ಯತ್ಯಾಸ ಕಾಣಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೆ?

ಉತ್ತರ: ಈಗಲೇ ಬೇಡ. 90 ಎಂಬುದು ಸರಾಸರಿ. ಆ ಲೆಕ್ಕದಲ್ಲಿ ಒಂದೊಂದು ಫ್ರೇಮಿಗೆ ಸುಮಾರು 11 ಮಿಲಿಸೆಕೆಂಡ್ ಹಿಡಿಯಬೇಕು. ನಡುವೆ ಒಂದೇ ಒಂದು ಫ್ರೇಮ್ 80 ಮಿಲಿಸೆಕೆಂಡ್ ತೆಗೆದುಕೊಂಡರೂ ಕಣ್ಣಿಗೆ ಕುಕ್ಕುತ್ತದೆ, ಸರಾಸರಿಯಲ್ಲಿ ಕಾಣುವುದಿಲ್ಲ. ಎಫ್‌ಪಿಎಸ್ ಬದಲು ಫ್ರೇಮ್ ಟೈಮ್ (ಒಂದೊಂದು ಫ್ರೇಮಿಗೆ ಹಿಡಿದ ಸಮಯ) ಗೆರೆಯನ್ನು ಆಟದ ಮೇಲೇ ತೋರಿಸುವ ಓವರ್‌ಲೇ ಹಾಕಿಕೊಳ್ಳಿ. ಗೆರೆ ಸಪಾಟಾಗಿರಬೇಕು.

ಮೊದಲು ಮಾನಿಟರ್ ವಿಚಾರ. ಹೊಸ ಮಾನಿಟರ್ ಎಷ್ಟೋ ಸಲ 60 ಹರ್ಟ್ಸ್‌ನಲ್ಲೇ ಓಡುತ್ತಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಯಲ್ಲಿ ನೋಡಿ. 144 ಆಯ್ಕೆಯೇ ಇಲ್ಲವೆಂದರೆ ಕೇಬಲ್ ಅಥವಾ ಪೋರ್ಟ್ ಬದಲಿಸಿ. ಡೆಸ್ಕ್‌ಟಾಪ್ ಆದರೆ ಕೇಬಲ್ ಮದರ್‌ಬೋರ್ಡಿಗೆ ಸಿಕ್ಕಿಸಿದ್ದೀರೋ ಗ್ರಾಫಿಕ್ಸ್ ಕಾರ್ಡಿಗೋ ಎಂದು ಹಿಂದೆ ಬಗ್ಗಿ ನೋಡಿ. ಯುಎಸ್‌ಬಿ ಪೋರ್ಟುಗಳ ಸಾಲಿನಲ್ಲೇ ಇದ್ದರೆ ಅದು ಮದರ್‌ಬೋರ್ಡಿನದು. ಕೆಳಗೆ ಅಡ್ಡಡ್ಡಲಾಗಿ ಇರುವುದು ಕಾರ್ಡಿನದು, ಮಾನಿಟರ್ ಅಲ್ಲಿಗೆ ಸೇರಬೇಕು.

ಇನ್ನು ಜರ್ಕ್. ಅದು ಯಾವಾಗ ಬರುತ್ತದೆ ಎಂಬುದರಲ್ಲೇ ಉತ್ತರವಿದೆ. ಹೊಸ ಜಾಗಕ್ಕೆ ಕಾಲಿಟ್ಟಾಗ, ಹೊಸ ಸ್ಫೋಟ ಕಂಡಾಗ ಒಮ್ಮೆ ತಡೆದು, ಎರಡನೇ ಸಲ ಅದೇ ಜಾಗದಲ್ಲಿ ಸರಾಗವಾಗಿದ್ದರೆ ಅದು ಶೇಡರ್ (ಬೆಳಕು, ಬಣ್ಣ ಮೂಡಿಸುವ ಚಿಕ್ಕ ಪ್ರೋಗ್ರಾಮ್) ಕಂಪೈಲ್ ಆಗುವ, ಅಂದರೆ ಗ್ರಾಫಿಕ್ಸ್ ಕಾರ್ಡಿಗೆ ತಕ್ಕಂತೆ ಸಿದ್ಧವಾಗುವ, ತಡೆ. ಶುರುವಿನಲ್ಲಿ ‘ಕಂಪೈಲಿಂಗ್ ಶೇಡರ್ಸ್’ ಎಂದು ಬಂದರೆ ತಾಳ್ಮೆಯಿಂದ ಮುಗಿಯಲು ಬಿಡಿ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿದ ಮೇಲೆ ಈ ಕೆಲಸ ಮತ್ತೆ ನಡೆಯಬೇಕಾಗಬಹುದು, ಹೆದರಬೇಡಿ. ಮೊದಲ ಹದಿನೈದು-ಇಪ್ಪತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕೆಟ್ಟರೆ ಬಿಸಿ: ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಗಾಳಿಕಂಡಿಯ ಧೂಳು ತೆಗೆಯಿರಿ, ಲ್ಯಾಪ್‌ಟಾಪಾದರೆ ಹಿಂಭಾಗ ಎರಡು ಬೆರಳು ಎತ್ತರಿಸಿ, ಚಾರ್ಜರ್ ಹಾಕಿಯೇ ಆಡಿ. ಕ್ಯಾಮೆರಾ ಗಿರಕ್ಕನೆ ತಿರುಗಿಸಿದಾಗಲೆಲ್ಲ ತಡೆಯುತ್ತದೆಯೇ? ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್, ಜಿಪಿಯು ಪುಟದಲ್ಲಿ ‘ಡೆಡಿಕೇಟೆಡ್ ಜಿಪಿಯು ಮೆಮೊರಿ’ (ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ) ತುಂಬಿ ತುಳುಕುತ್ತಿರಬಹುದು. ಗೇಮಿನ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಕ್ವಾಲಿಟಿಯನ್ನು ಒಂದೇ ಮೆಟ್ಟಿಲು ಇಳಿಸಿ. ಉಳಿದ ಸೆಟ್ಟಿಂಗ್‌ಗಳನ್ನು ಆಗ ಮುಟ್ಟಬೇಡಿ, ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದೇ ತಿಳಿಯುವುದಿಲ್ಲ.

ಕೊನೆಗೆ ಫ್ರೇಮ್ ಮಿತಿ. 70ರಿಂದ 110ರ ನಡುವೆ ಜೀಕುವುದಕ್ಕಿಂತ 75ಕ್ಕೆ ಕಟ್ಟಿಹಾಕಿದ ಆಟ ಕಣ್ಣಿಗೆ ಹಿತ, ಫ್ಯಾನಿನ ಸದ್ದೂ ತಗ್ಗುತ್ತದೆ. ಮಾನಿಟರಿನಲ್ಲಿ ಫ್ರೀಸಿಂಕ್ ಅಥವಾ ಜಿ-ಸಿಂಕ್ (ಮಾನಿಟರಿನ ವೇಗವನ್ನು ಆಟದ ಫ್ರೇಮುಗಳಿಗೆ ಹೊಂದಿಸುವ ಸೌಲಭ್ಯ) ಇದ್ದರೆ ಮೊದಲು ಅದನ್ನು ಆನ್ ಮಾಡಿ.

ಪ್ರಶ್ನೆ: ನಮ್ಮ ಮಗ ಒಂದು ಗೇಮಿನ ಚೀಟ್ (ಮೋಸದಿಂದ ಗೆಲ್ಲಿಸುವ ಪ್ರೋಗ್ರಾಮ್) ಇಳಿಸಿಕೊಂಡು, ಅದರಲ್ಲಿ ಹೇಳಿದಂತೆ ಆಂಟಿವೈರಸ್ ಆಫ್ ಮಾಡಿ ಓಡಿಸಿದ್ದಾನೆ. ಮಾರನೇ ದಿನ ಅವನ ಗೇಮ್ ಖಾತೆ ಹೋಯಿತು. ಪಾಸ್‌ವರ್ಡ್ ಬದಲಿಸಿದರೆ ಸಾಕೆ? ವಿಂಡೋಸ್ ಹೊಸದಾಗಿ ಹಾಕಿದರೆ ಅವನ ಆಟಗಳ ಸೇವ್ (ಎಲ್ಲಿಯವರೆಗೆ ಆಡಿದ್ದಾನೆಂಬ ದಾಖಲೆ) ಉಳಿಯುತ್ತವೆಯೇ?

ಉತ್ತರ: ಸಾಲದು. ಇಂಥ ಫೈಲುಗಳು ಸಾಮಾನ್ಯವಾಗಿ ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿ ಬರುತ್ತವೆ, ಪಾಸ್‌ವರ್ಡ್ ಪಕ್ಕದಲ್ಲೇ ಬರೆದಿರುತ್ತದೆ. ಬಳಕೆದಾರರಿಂದ ಮುಚ್ಚಿಡಲು ಹಾಕಿದ ಬೀಗವಲ್ಲ ಅದು, ಸ್ಕ್ಯಾನರ್ ಒಳಗೆ ಇಣುಕದಿರಲಿ ಎಂದು ಹಾಕಿದ್ದು. ಓಡಿಸಿದ ಕ್ಷಣಾರ್ಧದಲ್ಲಿ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳ ಜೊತೆಗೆ ಕುಕಿಗಳೂ ಹೋಗಿರುತ್ತವೆ. ಲಾಗಿನ್ ಆಗಿದ್ದಾಗಿನ ಕುಕಿ ಕದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

ಕ್ರಮ ಮುಖ್ಯ. ಆ ಕಂಪ್ಯೂಟರನ್ನು ನೆಟ್‌ನಿಂದ ಬಿಡಿಸಿ. ಬೇರೆ ಫೋನ್ ಅಥವಾ ಕಂಪ್ಯೂಟರಿನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಉಳಿದ ಖಾತೆಗಳ ಬೀಗದ ಕೈ ಅಲ್ಲೇ ಇದೆ. ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಕೊಡಿ, ಕದ್ದ ಕುಕಿ ಸಾಯುವುದು ಅದರಿಂದ. ಮೇಲ್ ಫಾರ್ವರ್ಡಿಂಗ್ ಮತ್ತು ರಿಕವರಿ ಫೋನ್ ನಂಬರ್ ಯಾರಾದರೂ ತಿದ್ದಿದ್ದಾರೆಯೇ ನೋಡಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ಆಮೇಲೆ ಬ್ಯಾಂಕ್, ನಂತರ ಗೇಮ್ ಖಾತೆ. ಅದೇ ಕಂಪ್ಯೂಟರಿನಲ್ಲಿ ನೀವೂ ಲಾಗಿನ್ ಆಗಿದ್ದರೆ ನಿಮ್ಮ ಖಾತೆಗಳಿಗೂ ಇದೇ ಕ್ರಮ. ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕುವುದು ಸರಿಯಾದ ನಿರ್ಧಾರ.

ಸೇವ್ ಫೈಲುಗಳು ಒಂದೇ ಕಡೆ ಇರುವುದಿಲ್ಲ. ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್, ಬಳಕೆದಾರರ ಫೋಲ್ಡರಿನ ಸೇವ್‌ಡ್ ಗೇಮ್ಸ್, ಮತ್ತು ಆಪ್‌ಡೇಟಾ ಎಂಬ ಅಡಗಿದ ಫೋಲ್ಡರಿನ ಲೋಕಲ್, ಲೋಕಲ್‌ಲೋ, ರೋಮಿಂಗ್ ಮೂರನ್ನೂ ಹುಡುಕಿ. ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಟಿಕ್ ಮಾಡಿದರೆ ಅದು ಕಾಣಿಸುತ್ತದೆ. ಸ್ಟೀಮ್ ಕ್ಲೌಡ್ (ಸ್ಟೀಮ್ ಎಂಬ ಗೇಮ್ ಅಂಗಡಿ ಸೇವ್‌ಗಳನ್ನು ತನ್ನ ಸರ್ವರಿನಲ್ಲಿ ಇಡುವ ಸೌಲಭ್ಯ) ಇದೆಯೆಂದು ಸುಮ್ಮನಿರಬೇಡಿ, ಎಲ್ಲ ಗೇಮುಗಳಿಗೂ ಆ ಸೌಲಭ್ಯವಿಲ್ಲ. ಸೇವ್ ಫೈಲುಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಇಳಿಸಿಟ್ಟ ಇನ್‌ಸ್ಟಾಲರ್, ಮಾಡ್ (ಗೇಮನ್ನು ಮಾರ್ಪಡಿಸುವ ಫೈಲು), ಡಾಟ್ ಇಎಕ್ಸ್‌ಇ ಫೈಲು ಒಂದೂ ಜೊತೆಗೆ ಬರಬಾರದು. ಗೇಮುಗಳನ್ನು ಅವುಗಳ ಮೂಲ ಅಂಗಡಿಯಿಂದಲೇ ಹೊಸದಾಗಿ ಇಳಿಸಿ.