ನಿಮ್ಮ ಲೇಖನ ಓದ್ದೆ, ಅದರೊಳಗೆ ಸಿನಿಮಾ ಎಲ್ಲಿ?

ನಮಸ್ಕಾರ,

ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ. ಒಂದ್ಸಲ ಬೆಳಗ್ಗೆ ಕಾಫಿ ಕುಡೀತಾ, ಇನ್ನೊಂದ್ಸಲ ರಾತ್ರಿ, ಬೆಳಗ್ಗೆ ನನ್ನ ಮೂಡೇ ಸರಿ ಇರ್ಲಿಲ್ವೇನೋ ಅಂತ ಅನುಮಾನ ಬಂದು. ಎರಡು ಸಲಾನೂ ಅದೇ ಅನ್ನಿಸ್ತು. ಅದಕ್ಕೆ ಸುತ್ತಿ ಬಳಸದೆ ಹೇಳ್ಬಿಡ್ತೀನಿ, ಈಗ ಇರೋ ಹಾಗೆ ಹಾಕಕ್ಕಾಗಲ್ಲ. ಹಾಗಂತ ವಾಪಸ್ ಕಳ್ಸಿ ಸುಮ್ನಾಗೋಕೂ ಮನಸ್ಸು ಬರ್ತಿಲ್ಲ, ಯಾಕಂದ್ರೆ ವಿಷಯ ಒಳ್ಳೇದನ್ನೇ ಹಿಡ್ದಿದ್ದೀರಿ. 1945ರ 'ದಿ ಲಾಸ್ಟ್ ವೀಕೆಂಡ್', ಬಿಲ್ಲಿ ವೈಲ್ಡರ್ ಸಿನಿಮಾ, ನ್ಯೂಯಾರ್ಕಲ್ಲಿ ಡಾನ್ ಬರ್ನಮ್ ಅಂತ ಒಬ್ಬ ಬರಿಯಕ್ಕಾಗದ ಬರಹಗಾರ ಒಂದು ವಾರಾಂತ್ಯ ಪೂರ್ತಿ ಕುಡಿದು ಕುಡಿದು ಹೇಗೆ ಪಾತಾಳಕ್ಕಿಳೀತಾನೆ ಅನ್ನೋದು, ಅದನ್ನ ಬೇರೆ ಬೇರೆ ವಿಮರ್ಶಕರು ಹೇಗೆ ನೋಡಿದ್ರು ಅನ್ನೋದು. ಕನ್ನಡದಲ್ಲಿ ಇಂಥದ್ದು ಯಾರು ಬರೀತಾರೆ ಹೇಳಿ.

ಆದ್ರೆ ನೀವು ಮಾಡಿರೋದೇನು? ಒಂದು ಪ್ಯಾರಾ ಬಾಸ್ಲಿ ಕ್ರೌದರ್, ಒಂದು ಪ್ಯಾರಾ ಜೇಮ್ಸ್ ಏಜಿ, ಒಂದು ಪ್ಯಾರಾ ಆಂಡ್ರ್ಯೂ ಸ್ಯಾರಿಸ್, ಮೂವರೂ ಅಮೆರಿಕದ ವಿಮರ್ಶಕರು, ಆಮೇಲೆ ಪ್ರಶಸ್ತಿಗಳ ಲಿಸ್ಟು, ಕೊನೆಗೆ "ಲೋಕೋ ಭಿನ್ನರುಚಿಃ" ಅಂತ ನಮಸ್ಕಾರ. ಮದುವೆ ಸ್ಟೇಜ್ ಮೇಲೆ ನೆಂಟರನ್ನೆಲ್ಲ ಸಾಲಾಗಿ ನಿಲ್ಸಿ ಫೋಟೋ ತೆಗ್ದಂಗಿದೆ, ಒಬ್ರೂ ಪಕ್ಕದವರ ಜೊತೆ ಮಾತಾಡ್ತಿಲ್ಲ. ಆ ಭಿನ್ನರುಚಿ ಅನ್ನೋ ಮಾತು ಬಂತು ಅಂದ್ರೆ ಬರೆದವರು ಕೈ ತೊಳ್ಕೊಂಡು ಎದ್ರು ಅಂತ ನಾನು ಅಂದ್ಕೋತೀನಿ. ಇಬ್ರಿಗೆ ರುಚಿ ಬೇರೆ ಅನ್ನೋದು ಯಾರಿಗೆ ಗೊತ್ತಿಲ್ಲ? ಎಲ್ಲಿ ಬೇರೆ ಆಯ್ತು, ಯಾಕೆ ಆಯ್ತು, ನನಗೆ ಅದು ಬೇಕು.

ಕ್ರೌದರ್‌ನ ಹೊಗಳಿದವರ ಕಡೆ, ಏಜಿನ ತೆಗಳಿದವರ ಕಡೆ ಹಾಕಿದ್ದೀರಲ್ಲ, ಮೊದ್ಲು ಅದನ್ನೇ ನೋಡೋಣ. ಕ್ರೌದರ್ ನ್ಯೂಯಾರ್ಕ್ ಟೈಮ್ಸಲ್ಲಿ ಬರೆದಿದ್ದು 1945ರ ಡಿಸೆಂಬರಲ್ಲಿ, ಅವರಿಗೆ ತುಂಬಾ ಹಿಡಿಸಿದ್ದು ಈ ಸಿನಿಮಾ ಕುಡಿಬೇಡ್ರಪ್ಪಾ ಅಂತ ಬೋಧನೆ ಮಾಡಲ್ಲ, ಇದ್ದಿದ್ದನ್ನ ಇದ್ದಂಗೆ ವರದಿ ಮಾಡುತ್ತೆ ಅನ್ನೋದು. (ನಮ್ಮ ಥಿಯೇಟರಲ್ಲಿ ಹೀರೋ ಗ್ಲಾಸ್ ಎತ್ತಿದ ತಕ್ಷಣ ಮೂಲೇಲಿ "ಆರೋಗ್ಯಕ್ಕೆ ಹಾನಿಕರ" ಅಂತ ಬರುತ್ತಲ್ಲ, ಅದನ್ನ ನೋಡಿ ಬೆಳೆದ ನಮಗೆ ಈ ಮೆಚ್ಚುಗೆ ಬೇಗ ಅರ್ಥ ಆಗ್ಬೇಕು.) ಆದ್ರೆ ಅದೇ ಕ್ರೌದರ್, ಈ ಮನುಷ್ಯನಿಗೆ ಈ ಚಟ ಯಾಕೆ ಹತ್ತಿಕೊಳ್ತು ಅನ್ನೋದನ್ನ ನಂಬೋ ಹಾಗೆ ಹೇಳಿಲ್ಲ ಅಂತಾನೂ ಗೊಣಗಿದ್ದಾರೆ. ಏಜಿ 'ದಿ ನೇಷನ್' ಪತ್ರಿಕೇಲಿ ಹೇಳಿದ್ದೂ ಅದನ್ನೇ ಕಣ್ರೀ, ಈ ಸಿನಿಮಾಗೆ ಮೂಲವಾದ ಕಾದಂಬರೀಲೇ ಕಾರಣಗಳು ಪೂರ್ತಿ ಹಿಡಿತಕ್ಕೆ ಸಿಕ್ಕಿರ್ಲಿಲ್ಲ, ಸಿನಿಮಾದಲ್ಲಿ ಅವು ಇಲ್ಲವೇ ಇಲ್ಲ ಅನ್ನಬಹುದು ಅಂತ. ಒಂದೇ ತೂತು ಇಬ್ರಿಗೂ ಕಂಡಿದೆ. ಒಬ್ರು ಅದನ್ನ ದಾಟ್ಕೊಂಡು ಮುಂದೆ ಹೋದ್ರು, ಇನ್ನೊಬ್ರು ಅಲ್ಲೇ ಕೂತು ಒಳಗೆ ಬಗ್ಗಿ ನೋಡಿದ್ರು. ನಿಮ್ಮ ಲೇಖನದ ಹೃದಯ ಇಲ್ಲಿದೆ, ಅದನ್ನ ನೀವು ಕಾಲಲ್ಲಿ ತುಳ್ಕೊಂಡು ಹೋಗಿದ್ದೀರಿ.

ಆ ತೂತು ಎಲ್ಲಿಂದ ಬಂತು ಅನ್ನೋದಂತೂ ನಿಮ್ಮ ಲೇಖನದಲ್ಲಿ ಬಂದೇ ಇಲ್ಲ. ಚಾರ್ಲ್ಸ್ ಜಾಕ್ಸನ್ 1944ರಲ್ಲಿ ಬರೆದ ಕಾದಂಬರೀಲಿ ಡಾನ್‌ಗೆ ತನ್ನ ಸಲಿಂಗಾಕರ್ಷಣೆ ಬಗ್ಗೆ ಒಂದು ಹಳೇ ಅವಮಾನ, ಒಂದು ಭಯ ಇದೆ, ಅದು ಕುಡಿತದ ಬೇರಿಗೆ ಸುತ್ಕೊಂಡಿದೆ. ಆಗಿನ ಹಾಲಿವುಡ್ ಸೆನ್ಸಾರ್ ನಿಯಮದಲ್ಲಿ ಅದನ್ನ ತೆರೆ ಮೇಲೆ ತರೋ ಮಾತೇ ಇರ್ಲಿಲ್ಲ. ಸರಿ, ವೈಲ್ಡರೂ ಚಾರ್ಲ್ಸ್ ಬ್ರ್ಯಾಕೆಟ್ಟೂ ಚಿತ್ರಕಥೇಲಿ ಅದನ್ನ ತೆಗ್ದು, ಇವನಿಗೆ ಬರೆಯೋಕ್ಕಾಗ್ತಿಲ್ಲ ಅದಕ್ಕೆ ಕುಡೀತಾನೆ ಅಂತ ಮಾಡಿದ್ರು. ಇದು ಗೊತ್ತಾದ್ಮೇಲೆ ಆ ಎರಡು ರಿವ್ಯೂನ ಮತ್ತೆ ಓದಿ ನೋಡಿ, ಬೇರೆ ಥರಾನೇ ಕೇಳ್ಸುತ್ತೆ.

ಏಜಿದು ಇನ್ನೊಂದು ದೂರು ಇದೆ, ಅದನ್ನ ನೀವು "ಏಜಿಗೆ ಸಿನಿಮಾ ಇಷ್ಟವಾಗಲಿಲ್ಲ" ಅಂತ ಒಂದು ಸಾಲಲ್ಲಿ ಮುಗಿಸಿದ್ದೀರಿ. ಅವರು ಹೇಳಿದ್ದು, ಕುಡಿದವನ ತಲೇಲಿ ಒಂದಲ್ಲ ಹಲವು ಮನಸ್ಸು ಒಟ್ಟಿಗೆ ಓಡ್ತಿರುತ್ತೆ, ಅಮಲಿನ ಬಗೆಬಗೆ ಸೂಕ್ಷ್ಮಗಳು ಇರುತ್ತೆ, ಇದ್ಯಾವುದೂ ಇಲ್ಲಿ ಸರಿಯಾಗಿ ದಾಖಲಾಗಿಲ್ಲ ಅಂತ. ಇದನ್ನ ಹೇಳಿದ ಮನುಷ್ಯ ಸ್ವತಃ ಜೋರು ಕುಡೀತಿದ್ರು, 1955ರಲ್ಲಿ ನ್ಯೂಯಾರ್ಕಿನ ಒಂದು ಟ್ಯಾಕ್ಸಿಯೊಳಗೆ ಹೃದಯಾಘಾತ ಆಗಿ ಹೋಗ್ಬಿಟ್ರು, ಬರೀ 45 ವಯಸ್ಸು. ಒಳಗಿನವನ ದೂರು ಅದು. ಆದ್ರೂ ಅದೇ ರಿವ್ಯೂನ ಕೊನೇಲಿ, ಹೆಂಡದ ಕಂಪನಿಗಳು ಈ ಸಿನಿಮಾಗೆ ಹೆದರ್ಕೊಂಡಿವೆಯಂತೆ ಅಂತ ಕುಡಿದವರ ತೊದಲು ಮಾತಲ್ಲೇ ತಮಾಷೆ ಮಾಡಿದ್ದಾರೆ. ಇವರನ್ನ ಬರೀ ವಿರೋಧಿ ಅಂತ ಸೀಲ್ ಒತ್ತಿದ್ರೆ ಹೇಗೆ?

ಈಗ ನನ್ನ ದೊಡ್ಡ ತಕರಾರು. ಇಡೀ ಲೇಖನದಲ್ಲಿ ಸಿನಿಮಾದ ಒಂದೇ ಒಂದು ದೃಶ್ಯ ಇಲ್ಲ. ನೀವು ನೋಡಿದ್ದೀರಿ ಅಂತ ನಂಬ್ತೀನಿ, ಆದ್ರೆ ಓದಿದವರಿಗೆ ಅನುಮಾನ ಬರುತ್ತೆ. ಶುರುವಲ್ಲೇ ಕ್ಯಾಮೆರಾ ಊರಿನ ಕಟ್ಟಡಗಳ ಮೇಲೆ ಹಾದು ಒಂದು ಕಿಟಕಿ ಹತ್ರ ಬರುತ್ತೆ, ಕಿಟಕಿ ಆಚೆ ದಾರ ಕಟ್ಟಿ ಇಳಿಬಿಟ್ಟ ಬಾಟಲಿ, ಒಳಗೆ ಡಾನ್ ಏನೂ ಗೊತ್ತಿಲ್ಲದವನ ಥರ ಸೂಟ್‌ಕೇಸಿಗೆ ಬಟ್ಟೆ ತುಂಬ್ತಿದ್ದಾನೆ. ಆಮೇಲೆ ಬಾರ್ ಕೌಂಟರ್ ಮೇಲೆ ಗ್ಲಾಸಿನ ತಳ ಮಾಡಿದ ಒದ್ದೆ ಉಂಗುರ, ಒರೆಸಬೇಡ ಬಿಡು ಅಂತಾನೆ, ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಉಂಗುರಗಳು ಸಾಲುಸಾಲು. ಎಷ್ಟು ಕುಡಿದ ಅಂತ ಯಾರೂ ಬಾಯ್ಬಿಟ್ಟು ಹೇಳಲ್ಲ.

ಅದಕ್ಕಿಂತ ನನ್ನನ್ನ ಹಿಡಿದಿದ್ದು ಲೈಟಿನ ದೃಶ್ಯ. ಚಾವಣಿಯ ದೀಪದ ಬಟ್ಟಲೊಳಗೆ ಬಾಟಲಿ ಬಚ್ಚಿಟ್ಟು ಮರ್ತೋಗಿರ್ತಾನೆ, ಮರ್ದಿನ ಮನೆಯೆಲ್ಲ ಕಿತ್ತು ಹುಡುಕಿ ಸೋತು ಒರಗಿ ಮೇಲೆ ನೋಡ್ತಾನೆ, ದೀಪದಲ್ಲಿ ಬಾಟಲಿ ನೆರಳು. ಆಗ ಅವನು ನಗೋ ನಗು ಇದೆಯಲ್ಲ. ನಮ್ಮ ಮನೇಲಿ ಹಿರಿಯರೊಬ್ರು ಬಚ್ಚಲುಮನೆ ಹಂಡೆ ಹಿಂದೆ ಸೌದೆ ಸಂದೀಲಿ ಕ್ವಾರ್ಟರ್ ಇಟ್ಟು ಎಲ್ಲಿಟ್ಟೆ ಅಂತ ಮರೀತಿದ್ರು, ಕನ್ನಡಕ ಹುಡುಕ್ತಿದ್ದೀನಿ ಅಂತ ಇಡೀ ಮನೆ ತಡಕಾಡೋರು, ಕನ್ನಡಕ ಮೂಗಿನ ಮೇಲೇ ಇರ್ತಿತ್ತು, ನಾವು ಯಾರೂ ಅದನ್ನ ಹೇಳ್ತಿರ್ಲಿಲ್ಲ. ಆ ದೃಶ್ಯ ನೋಡ್ದಾಗ ಅನ್ನಿಸ್ತು, ಹಲವು ಮನಸ್ಸು ದಾಖಲಾಗಿಲ್ಲ ಅಂತ ಏಜಿ ಹೇಳಿದ್ದು ಸ್ವಲ್ಪ ಜಿಪುಣತನ ಅಂತ. ಬಚ್ಚಿಟ್ಟವನೂ ಹುಡುಕಿದವನೂ ಒಬ್ನೇ, ಆದ್ರೆ ಒಬ್ನಿಗೆ ಇನ್ನೊಬ್ಬನ ಪರಿಚಯ ಇಲ್ಲ. ಕಾರಣಗಳ ವಿಷಯದಲ್ಲಿ ಮಾತ್ರ ನನ್ನ ಓಟು ಏಜಿಗೇ. ಕೊನೇಲಿ ಇವನು ಸಿಗರೇಟನ್ನ ವಿಸ್ಕಿ ಗ್ಲಾಸಿಗೆ ಹಾಕಿ ಬರೆಯೋಕೆ ಹೊರಡ್ತಾನಲ್ಲ, ಅದು ನಂಗೆ ಹಿಡಿಸಲ್ಲ. ಕಾದಂಬರೀಲಿ ಹಂಗೆ ಆಗೋದೇ ಇಲ್ಲ, ಅಲ್ಲಿ ಅವನು ಮುಂದಿನ ಕುಡಿತದ ಕಡೆಗೇ ಮುಖ ಮಾಡಿರ್ತಾನೆ. ನೀವು ಒಪ್ಪಬೇಕು ಅಂತಿಲ್ಲ, ಜಗಳ ಆಡಿ, ಆದ್ರೆ ಎಲ್ಲೋ ಒಂದು ಕಡೆ ನಿಂತ್ಕೊಳ್ಳಿ.

ಥರ್ಡ್ ಅವೆನ್ಯೂಲಿ ಟೈಪ್‌ರೈಟರ್ ಹೊತ್ಕೊಂಡು ಗಿರವಿ ಅಂಗಡಿ ಹುಡುಕ್ತಾ ನಡೆಯೋದು, ಯಹೂದಿಗಳ ಯೋಮ್ ಕಿಪ್ಪೂರ್ ಹಬ್ಬ ಅಂತ ಎಲ್ಲಾ ಅಂಗಡಿ ಬಾಗ್ಲು ಹಾಕಿರೋದು, ಇದನ್ನ ನಿಜವಾದ ರಸ್ತೇಲಿ ಕ್ಯಾಮೆರಾ ಬಚ್ಚಿಟ್ಟು ತೆಗೆದ್ರು. ಕ್ರೌದರ್ ವರದಿ ಥರ ಇದೆ ಅಂದಿದ್ದನ್ನ ಇದರ ಪಕ್ಕ ಇಟ್ಟಿದ್ರೆ ಅವರ ಮಾತಿಗೆ ಜೀವ ಬರ್ತಿತ್ತು. ಇನ್ನೊಂದು, ಮ್ಯೂಸಿಕ್ ಸರಿ ಇಲ್ಲದೆ ಪ್ರಿವ್ಯೂ ತೋರ್ಸಿದಾಗ ಜನ ನಕ್ಕಿದ್ರು, ಆಮೇಲೆ ಮಿಕ್ಲೋಸ್ ರೋಜಾ ಥೆರೆಮಿನ್ ಅನ್ನೋ, ಮುಟ್ಟದೇ ನುಡಿಸೋ ಎಲೆಕ್ಟ್ರಾನಿಕ್ ವಾದ್ಯ ಹಾಕಿ ಸಂಗೀತ ಕೊಟ್ರು, ಅದೇ ಸಿನಿಮಾಗೆ ಯಾರೂ ನಗಲಿಲ್ಲ. ಇದು ನಿಮ್ಮ ಫುಟ್‌ನೋಟಲ್ಲಿದೆ, ಮೇಲಕ್ಕೆ ತನ್ನಿ, ಮೊದಲ ಭಿನ್ನಾಭಿಪ್ರಾಯ ಅಂದ್ರೆ ಅದೇ.

ತಪ್ಪುಗಳು. ಸ್ಯಾರಿಸ್ 1968ರ ಪುಸ್ತಕದಲ್ಲಿ ಹೇಳಿದ್ದು ಒಟ್ಟಾರೆ ವೈಲ್ಡರ್ ಬಗ್ಗೆ, ಕಣ್ಣಿಗೆ ಕಂಡಷ್ಟೂ ಸರಕಿಲ್ಲದ ನಿರ್ದೇಶಕರ ಗುಂಪಿಗೆ ಹಾಕಿದ್ರು, ನೀವು ಅದನ್ನ ಈ ಸಿನಿಮಾದ ರಿವ್ಯೂ ಅಂತ ಬರ್ದಿದ್ದೀರಿ. ಮುಂದೆ ಅವರೇ ತಪ್ಪಾಯ್ತು ಅಂತ ಮಾತು ವಾಪಸ್ ತಗೊಂಡ್ರು, ಅದನ್ನ ಬಿಟ್ಟಿದ್ದೀರಿ, ಅದು ಅನ್ಯಾಯ. ನಾಲ್ಕು ಆಸ್ಕರ್ ಸರಿ. ಕಾನ್ ಚಿತ್ರೋತ್ಸವದಲ್ಲಿ ಇದೊಂದೇ ಗೆದ್ದಿದ್ದು ಅನ್ನೋದು ತಪ್ಪು, 1946ರಲ್ಲಿ ಆ ದೊಡ್ಡ ಬಹುಮಾನ 11 ಸಿನಿಮಾಗಳಿಗೆ ಹಂಚಿದ್ರು, ಅದ್ರಲ್ಲಿ ನಮ್ಮ ಚೇತನ್ ಆನಂದರ 'ನೀಚಾ ನಗರ್' ಕೂಡ ಒಂದು.

ಭಾಷೆ. "ಕತ್ತಲೆಯ ಚಿತ್ರ" ಅಂತ ಬರ್ದಿದ್ದೀರಿ, ನಾನು ಒಂದು ಕ್ಷಣ ಕರೆಂಟ್ ಹೋಯ್ತಾ ಅಂದ್ಕೊಂಡೆ. "ವ್ಯಸನಿಯು" ಬೇಡ, ಕುಡುಕ ಅನ್ನಿ. "ಅದ್ಭುತ" ಹನ್ನೊಂದು ಸಲ ಬಂದಿದೆ, ಎಣಿಸಿದೆ, ಒಂದನ್ನ ಇಟ್ಕೊಳ್ಳಿ, ಡಾನ್ ಪಾತ್ರ ಮಾಡಿದ ರೇ ಮಿಲ್ಯಾಂಡ್‌ಗೆ.

1,200 ಪದ ಮೀರದಂಗೆ ತಿಂಗಳ ಕೊನೆಯೊಳಗೆ ಕಳ್ಸಿ. ಪ್ರಶಸ್ತಿ ಪ್ಯಾರಾ ಪೂರ್ತಿ ಹೋಗ್ಲಿ, ಲೈಟಿನ ದೃಶ್ಯ ಬರ್ಲಿ, ಅಥವಾ ನಿಮ್ಮನ್ನ ಹಿಡಿದ ಬೇರೆ ಯಾವ್ದಾದ್ರೂ. ಮತ್ತೆ ದಯವಿಟ್ಟು ಯೂನಿಕೋಡಲ್ಲಿ ಟೈಪ್ ಮಾಡಿ ಕಳ್ಸಿ, ಈ ಸಲ ಹಳೇ ಫಾಂಟಲ್ಲಿ ಬಂದು ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗಿ, ಕ್ರೌದರ್ ಹೆಸ್ರು ಮೂರು ಕಡೆ ಕೌದರ್ ಅಂತ ಕಾಣ್ತಿತ್ತು.