ಓದುಗರ ಪ್ರಶ್ನೆ: ‘ನಾನು ಎಷ್ಟರವಳು?’

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯವಳು, ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಸುಗ್ಗಿ ಮುಗಿದ ಮೇಲೆ ನಮ್ಮ ಕ್ರೈಸ್ತ ಸಭೆಯ ಹಲವು ಕುಟುಂಬಗಳು ಬೆಂಗಳೂರಿನ ಕಡೆಗೆ ಗುಳೆ ಹೋಗುತ್ತವೆ, ಮಕ್ಕಳು ಅಜ್ಜಿಯರ ಬಳಿ ಉಳಿಯುತ್ತಾರೆ. ಆ ಮಕ್ಕಳ ಸಂಜೆಯ ಪಾಠವನ್ನೂ ರಾತ್ರಿಯ ಊಟವನ್ನೂ ನೋಡಿಕೊಳ್ಳುತ್ತಿದ್ದ ಹಿರಿಯರು ಹೋದ ವರ್ಷ ತೀರಿಕೊಂಡರು. ಈಗ ಆ ಹೊಣೆಯನ್ನು ನಾನು ಹೊರಬೇಕೆಂದು ಸಭೆಯವರು ಕೇಳುತ್ತಿದ್ದಾರೆ. ನಾಲ್ಕು ಜನರ ಮುಂದೆ ನಿಂತರೆ ನನಗೆ ಗಂಟಲು ಕಟ್ಟುತ್ತದೆ. ದೇವರು ಜೊತೆಗಿರುತ್ತಾನೆ ಎಂದು ಎಲ್ಲರೂ ಧೈರ್ಯ ಹೇಳುತ್ತಾರೆ. ಪ್ರಾರ್ಥನೆಗೆ ಕುಳಿತರೆ ನನಗೆ ತಿಳಿಯುವುದು ಭಯವೊಂದೇ. ಆತನ ಸನ್ನಿಧಿ ಮನಸ್ಸಿಗೆ ಖಚಿತವಾಗುವ ತನಕ ಒಪ್ಪಿಕೊಳ್ಳದಿರುವುದು ಅವಿಶ್ವಾಸವೇ?

ಉತ್ತರ: ಸಹೋದರಿಯವರೇ, ನಿಮ್ಮ ಪತ್ರ ಓದಿದ ಕೂಡಲೇ ನೆನಪಾದದ್ದು ಸತ್ಯವೇದದ (ಬೈಬಲಿನ) ವಿಮೋಚನಕಾಂಡದ ಮೂರನೆಯ ಅಧ್ಯಾಯ. ಮಾವನಾದ ಇತ್ರೋನನ ಕುರಿಗಳನ್ನು ಮೇಯಿಸುತ್ತಾ ಹೋರೇಬ್ ಬೆಟ್ಟದ ಬಳಿಗೆ ಬಂದ ಮೋಶೆಯನ್ನು ದೇವರು ಕರೆದದ್ದು ಉರಿಯುತ್ತಿದ್ದ ಒಂದು ಪೊದೆಯೊಳಗಿಂದ. ಉರಿಯದೇ ಇದ್ದಿದ್ದರೆ, ನಮ್ಮ ರಸ್ತೆಬದಿಯ ಬಳ್ಳಾರಿ ಜಾಲಿಯಂತೆ, ಯಾರೂ ತಿರುಗಿ ನೋಡದ ಗಿಡ ಅದು. ಐಗುಪ್ತದಲ್ಲಿ ಗುಲಾಮರಾಗಿದ್ದ ತನ್ನ ಜನರನ್ನು ಬಿಡಿಸಲು ಅಲ್ಲಿನ ಅರಸ ಫರೋಹನ ಬಳಿಗೆ ಹೋಗೆಂದಾಗ ಮೋಶೆ ಕೇಳಿದ ಮೊದಲ ಮಾತು, ‘ನಾನು ಎಷ್ಟರವನು?’ ಅರಮನೆಯಲ್ಲಿ ಬೆಳೆದವನು, ಐಗುಪ್ತದ ರೀತಿನೀತಿ ಬಲ್ಲವನು ಎಂದು ಹೇಳಿ ದೇವರು ಅವನನ್ನು ಹುರಿದುಂಬಿಸಬಹುದಾಗಿತ್ತು. ಅಂಥ ಒಂದು ಮಾತೂ ಅಲ್ಲಿಲ್ಲ. ‘ನಾನೇ ನಿನ್ನ ಸಂಗಡ ಇರುವೆನು’ ಎಂಬುದಷ್ಟೇ ಉತ್ತರ.

ಅದರ ಬೆನ್ನಿಗೇ ಬರುವ ಮಾತನ್ನು ನಾನು ಎಷ್ಟೋ ವರ್ಷ ಗಮನವಿಲ್ಲದೆ ಓದಿಕೊಂಡು ಹೋಗಿದ್ದೆ. ತಾನೇ ಕಳುಹಿಸಿದ್ದೇನೆ ಎಂಬುದಕ್ಕೆ ದೇವರು ಮೋಶೆಗೆ ಒಂದು ಗುರುತು ಕೊಡುತ್ತಾನೆ: ಜನರನ್ನು ಐಗುಪ್ತದಿಂದ ಕರೆತಂದ ಮೇಲೆ ನೀವೆಲ್ಲರೂ ಇದೇ ಬೆಟ್ಟದಲ್ಲಿ ನನ್ನನ್ನು ಆರಾಧಿಸುವಿರಿ. ಎಂದರೆ, ಆ ಗುರುತು ಕಾಣುವುದು ಕೆಲಸ ಮುಗಿದ ಮೇಲೆ. ಹೊರಡುವಾಗ ಕೈಯಲ್ಲಿರುವುದು ಮಾತು ಮಾತ್ರ. ಆದ್ದರಿಂದ ನಿಮ್ಮ ಭಯವನ್ನು ನಾನು ಅವಿಶ್ವಾಸ ಎನ್ನಲಾರೆ. ಆದರೆ ನೀವು ಕಾಯುತ್ತಿರುವ ಖಚಿತತೆ ಮೊದಲೇ ಸಿಗುತ್ತದೆ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಹೋದ ಮೇಲಾದರೂ ಮೋಶೆಗೆ ದಾರಿ ಸುಗಮವಾಯಿತೇ ಎಂದರೆ, ಐದನೆಯ ಅಧ್ಯಾಯ ನೋಡಿ. ಇಟ್ಟಿಗೆಯ ಮಣ್ಣಿಗೆ ಬೆರೆಸುವ ಹುಲ್ಲನ್ನು ಫರೋಹ ನಿಲ್ಲಿಸಿಬಿಟ್ಟ. ಹುಲ್ಲನ್ನು ಜನರೇ ಹುಡುಕಿ ತರಬೇಕು, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಬಾರದು. ಗುಳೆ ಹೋಗಿ ಇಟ್ಟಿಗೆ ಭಟ್ಟಿಯಲ್ಲಿ ಸಾವಿರಕ್ಕಿಷ್ಟು ಎಂದು ಕೂಲಿ ಪಡೆದವರಿಗೆ ಆ ಲೆಕ್ಕದ ಭಾರವನ್ನು ಯಾರೂ ವಿವರಿಸಬೇಕಾಗಿಲ್ಲ. ಜನ ಮೋಶೆಯನ್ನೇ ದೂರಿದರು. ಅವನು ದೇವರ ಬಳಿಗೆ ಹಿಂದಿರುಗಿ, ನನ್ನನ್ನು ಯಾಕೆ ಕಳುಹಿಸಿದೆ ಎಂದು ನೇರವಾಗಿ ಕೇಳಿದ. ಆ ಪ್ರಶ್ನೆಗಾಗಿ ದೇವರು ಅವನನ್ನು ಗದರಿಸಿದ ಉಲ್ಲೇಖ ಅಲ್ಲಿಲ್ಲ. ನಿಮಗೂ ಅಂಥ ದಿನ ಬಂದರೆ, ದೇವರು ಬಿಟ್ಟುಹೋದನೆಂದು ತಿಳಿಯಬೇಡಿ; ಮೋಶೆಯಂತೆ ಹೋಗಿ ಕೇಳಿ.

ನಾನು ಬಳ್ಳಾರಿಗೆ ಸಭಾಪಾಲಕನಾಗಿ ಬಂದ ಮೊದಲ ಬೇಸಿಗೆಯಲ್ಲಿ, ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಅಜ್ಜನ ಬಳಿಗೆ ರಾತ್ರಿ ನನ್ನನ್ನು ಆಸ್ಪತ್ರೆಗೆ ಕರೆದರು. ದಾರಿಯುದ್ದಕ್ಕೂ ವಾಕ್ಯಗಳನ್ನು ಹೊಂದಿಸಿಕೊಂಡು ಹೋದವನಿಗೆ ಹಾಸಿಗೆಯ ಬಳಿ ಒಂದೂ ನೆನಪಾಗಲಿಲ್ಲ. ಅವರ ತುಟಿ ಒಣಗಿತ್ತು. ನರ್ಸಮ್ಮನವರನ್ನು ಕೇಳಿ, ಹತ್ತಿಯನ್ನು ನೀರಿನಲ್ಲಿ ಅದ್ದಿ ಬೆಳಗಿನವರೆಗೆ ತುಟಿ ಒದ್ದೆ ಮಾಡುತ್ತಾ ಕುಳಿತೆ. ಆ ರಾತ್ರಿ ದೇವರು ಅಲ್ಲಿದ್ದಾನೆಂದು ನನಗೆ ಅನಿಸಲೇ ಇಲ್ಲ. ತಿಂಗಳ ನಂತರ ಅವರ ಮಗಳು ಬಂದು, ಅಪ್ಪನಿಗೆ ಆ ರಾತ್ರಿ ಒಂಟಿತನವಿರಲಿಲ್ಲ ಎಂದಾಗಲೇ ಆತನು ಅಲ್ಲಿದ್ದನೆಂದು ನಾನು ತಿಳಿದೆ.

ನಾವು ಕನ್ನಡದಲ್ಲಿ ಓದುವ ಸತ್ಯವೇದದ ಕಥೆಯೂ ನಮ್ಮ ಬಳ್ಳಾರಿಗೆ ಸೇರಿದ್ದು. ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಅನುವಾದಕ್ಕೆ ಕೈಹಾಕಿದರು. ಇಡೀ ಗ್ರಂಥ ಅಚ್ಚಾದದ್ದು 1831ರಲ್ಲಿ. ಎರಡು ದಶಕ ಅವರ ಮುಂದಿದ್ದದ್ದು ಮುಗಿಯದ ಕೆಲಸವೇ.

ಇನ್ನೊಂದು ಮಾತು. ‘ಬೇರೆ ಯಾರನ್ನಾದರೂ ಕಳುಹಿಸು’ ಎಂದಾಗ ದೇವರಿಗೆ ಮೋಶೆಯ ಮೇಲೆ ಸಿಟ್ಟು ಬಂತು. ಆದರೆ ಆ ಸಿಟ್ಟಿನ ಮಾತಿನಲ್ಲೇ ಅಣ್ಣನಾದ ಆರೋನನನ್ನು ಜೊತೆಗೆ ಕೊಟ್ಟನು. ಮುಂದೆ ಹದಿನೆಂಟನೆಯ ಅಧ್ಯಾಯದಲ್ಲಿ ಇತ್ರೋನನು, ಈ ಭಾರ ನಿನ್ನೊಬ್ಬನಿಂದ ಆಗದು ಎಂದು ಅಳಿಯನಿಗೆ ತಿಳಿಹೇಳಿ ಕೆಲಸ ಹಂಚಿಸಿದನು. ನೀವೂ ಸಭೆಯ ಹಿರಿಯರ ಮುಂದೆ ಸ್ಪಷ್ಟವಾಗಿ ಕೇಳಿ: ದವಸದ ಲೆಕ್ಕಕ್ಕೆ ಒಬ್ಬರು, ಅಡುಗೆಗೆ ಇಬ್ಬರು ತಾಯಂದಿರು, ಸಭೆಯಲ್ಲಿ ಎದ್ದು ಮಾತನಾಡಲು ಗಂಟಲು ಗಟ್ಟಿಯಿರುವ ಒಬ್ಬರು. ಇದಕ್ಕೆ ಅವರು ಒಪ್ಪದೆ ಎಲ್ಲವನ್ನೂ ನಿಮ್ಮೊಬ್ಬರ ಮೇಲೆ ಹೊರಿಸುವುದಾದರೆ, ಬೇಡವೆನ್ನಲು ಹಿಂಜರಿಯಬೇಡಿ. ಅದು ದೇವರ ಕರೆಯನ್ನು ತಿರಸ್ಕರಿಸಿದಂತಾಗುವುದಿಲ್ಲ.

ಒಪ್ಪಿಕೊಂಡರೆ, ಮೊದಲ ಸಂಜೆ ಭಾಷಣದ ಅಗತ್ಯವಿಲ್ಲ. ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಒಬ್ಬೊಬ್ಬರ ಹೆಸರನ್ನು ಕೇಳಿ ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳಿ. ಎದುರಿಗೆ ಗುಳೆ ಹೋದ ತಂದೆತಾಯಿಯ ಮೊಬೈಲ್ ನಂಬರನ್ನೂ ಬರೆಯಿರಿ. ಆ ಹೆಸರುಗಳನ್ನು ಹಿಡಿದು ರಾತ್ರಿ ಪ್ರಾರ್ಥನೆಗೆ ಕುಳಿತುಕೊಳ್ಳಿ.